ಬ್ರೇಕರ್ ಟ್ರಿಪ್ ಆದರೆ ಮೊದಲು ವೈರ್ ನೋಡಿ

ಮನೆಗೆ ಬೆಂಕಿ ಬಿದ್ದ ಸುದ್ದಿ ಯಾವ ಪೇಪರಿನಲ್ಲಿ ಬಂದರೂ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿರಬಹುದು ಎಂದು ಶಂಕಿಸಲಾಗಿದೆ. ಓದಿ ಪುಟ ತಿರುಗಿಸುತ್ತೇವೆ. ಆದರೆ ಸ್ವಲ್ಪ ಯೋಚಿಸಿ. ಶಾರ್ಟ್ ಸರ್ಕ್ಯೂಟ್ ಆದರೆ ಎಂಸಿಬಿ, ಅಂದರೆ ಮಾಮೂಲಿ ಬ್ರೇಕರ್, ಬೀಳಬೇಕಲ್ವಾ? ಅದನ್ನು ಹಾಕಿಸುವುದೇ ಅದಕ್ಕೆ. ಫೇಸ್ ಮತ್ತು ನ್ಯೂಟ್ರಲ್ ನೇರವಾಗಿ ತಾಗಿದರೆ ನೂರಾರು ಆಂಪ್ ಕರೆಂಟ್ ಒಮ್ಮೆಲೇ ನುಗ್ಗುತ್ತದೆ. ಸರಿಯಾಗಿರುವ ಎಂಸಿಬಿ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕತ್ತರಿಸುತ್ತದೆ. ಹಾಗಿದ್ದರೂ ಎಂಸಿಬಿ ಇರುವ ಮನೆಗಳಲ್ಲಿ ವೈರಿಂಗ್‌ನಿಂದ ಬೆಂಕಿ ಏಳುವುದು ಹೇಗೆ?

ಬಹಳ ಸಲ ಇದಕ್ಕೆ ಉತ್ತರ ಕಿಡಿ. ಸಡಿಲವಾದ ಸ್ಕ್ರೂ, ಅರ್ಧ ಮುರಿದ ತಂತಿ, ಮೊಳೆ ಚುಚ್ಚಿದ ಕೇಬಲ್, ಮಂಚದ ಕಾಲಿನ ಕೆಳಗೆ ಸಿಕ್ಕಿಕೊಂಡ ವೈರ್. ಇಂಥ ಜಾಗದಲ್ಲಿ ಕರೆಂಟ್ ಒಂದು ಸಣ್ಣ ಸಂದನ್ನು ಹಾರಿ ದಾಟುತ್ತದೆ. ಅದಕ್ಕೆ ಆರ್ಕ್ ಅನ್ನುತ್ತಾರೆ. ಈ ಕಿಡಿಯನ್ನು ಮಾಮೂಲಿ ಬ್ರೇಕರ್ ಕಂಡುಹಿಡಿಯುವುದಿಲ್ಲ. ಅದನ್ನು ಹಿಡಿಯಲೆಂದೇ ಅಮೆರಿಕದ ವಿದ್ಯುತ್ ಕೋಡ್ ಇಪ್ಪತ್ತೈದು ವರ್ಷಗಳಿಂದ ಮನೆಗಳಿಗೆ ಬೇರೆ ಥರದ ಬ್ರೇಕರ್ ಕಡ್ಡಾಯ ಮಾಡುತ್ತಾ ಬಂದಿದೆ. ಹೆಸರು ಎಎಫ್‌ಸಿಐ. ಇಲ್ಲಿ ಅಮೆರಿಕದಲ್ಲಿ ಮನೆ ತೆಗೆದುಕೊಂಡ ನಮ್ಮ ಕನ್ನಡದವರು ಇದರ ಬಗ್ಗೆ ಮೊದಲು ತಿಳಿಯುವುದು ಹೆಚ್ಚಾಗಿ ಬೈಯುವಾಗಲೇ. ವ್ಯಾಕ್ಯೂಮ್ ಹಾಕಿದರೆ ಬೀಳುತ್ತದೆ, ಟ್ರೆಡ್‌ಮಿಲ್ ಹಾಕಿದರೆ ಬೀಳುತ್ತದೆ, ತೆಗೆದು ಹಾಕಿಬಿಡೋಣ ಎಂದು. ನಾನೂ ಹಾಗೇ ಬೈದವನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ 2010ರ ಆಸುಪಾಸಿನಲ್ಲಿ ಕಟ್ಟಿದ್ದು. ಒಂದು ಚಳಿಗಾಲದಲ್ಲಿ ಮಗಳ ಕೋಣೆಗೆ 1500 ವಾಟ್‌ನ ಸಣ್ಣ ಹೀಟರ್ ತಂದು ಇಟ್ಟೆವು. ಎರಡು ದಿನ ಸರಿ ಇತ್ತು. ಮೂರನೇ ರಾತ್ರಿ ಬ್ರೇಕರ್ ಬಿತ್ತು. ಮತ್ತೆ ಹಾಕಿದೆ, ಹತ್ತು ನಿಮಿಷಕ್ಕೆ ಮತ್ತೆ ಬಿತ್ತು. ಹೀಟರ್ ಎಳೆಯುವುದು ಹನ್ನೆರಡೂವರೆ ಆಂಪ್, ಬ್ರೇಕರ್ 15 ಆಂಪ್‌ದು. ಲೆಕ್ಕದ ಪ್ರಕಾರ ಬೀಳಬಾರದು. ಮೊದಲು ಬಂದ ಎಲೆಕ್ಟ್ರಿಷಿಯನ್ ಪ್ಯಾನೆಲ್ ಬಾಗಿಲು ತೆಗೆದು ನೋಡಿ, ಈ ಬ್ರೇಕರ್‌ಗಳದ್ದು ಇದೇ ಕಥೆ, ಮಾಮೂಲಿದು ಹಾಕಿಕೊಟ್ಟರೆ ತಲೆನೋವು ಹೋಗುತ್ತದೆ ಅಂದರು. ನನಗೂ ಸರಿ ಅನ್ನಿಸಿತು. ಹೆಂಡತಿ ಒಪ್ಪಲಿಲ್ಲ, ಇನ್ನೊಬ್ಬರನ್ನು ಕೇಳೋಣ ಅಂದಳು.

ಎರಡನೆಯವರು ಪ್ಯಾನೆಲ್ ಹತ್ತಿರ ಹೋಗಲೇ ಇಲ್ಲ. ಕೋಣೆಯ ಪ್ಲಗ್ ಪಾಯಿಂಟ್‌ಗಳನ್ನು ಒಂದೊಂದಾಗಿ ಬಿಚ್ಚಿದರು. ಮಂಚದ ಹಿಂದಿನದನ್ನು ಹೊರಗೆ ಎಳೆದು ನನ್ನ ಕೈಗೆ ಕೊಟ್ಟರು. ಬಿಳಿ ವೈರಿನ ತುದಿ ಕಾಫಿ ಕಲೆ ಬಿದ್ದ ಹಾಗೆ ಕಂದಾಗಿತ್ತು. ವೈರ್ ಹೊಕ್ಕುವ ತೂತಿನ ಸುತ್ತ ಪ್ಲಾಸ್ಟಿಕ್ ಕರಗಿ ಮತ್ತೆ ಗಟ್ಟಿಯಾಗಿತ್ತು. ಆ ಪಾಯಿಂಟ್‌ಗೆ ನಾವು ಏನನ್ನೂ ಸಿಕ್ಕಿಸಿರಲಿಲ್ಲ. ಹೀಟರ್ ಇದ್ದದ್ದು ಮುಂದಿನ ಪಾಯಿಂಟ್‌ನಲ್ಲಿ. ಆದರೆ ಅಲ್ಲಿಗೆ ಹೋಗುವ ಕರೆಂಟ್ ಇದರ ಮೂಲಕವೇ ಹಾದು ಹೋಗುತ್ತಿತ್ತು. ಕಟ್ಟಿದವರು ವೈರನ್ನು ಸ್ಕ್ರೂಗೆ ಸುತ್ತಿ ಬಿಗಿಯದೆ, ಹಿಂದಿನ ತೂತಿಗೆ ಸುಮ್ನೆ ಚುಚ್ಚಿ ಬಿಟ್ಟಿದ್ದರು. ಒಳಗಿನ ಸಣ್ಣ ಸ್ಪ್ರಿಂಗ್ ಹಿಡಿತ ವರ್ಷ ಕಳೆದಂತೆ ಸಡಿಲವಾಗಿತ್ತು. ಅದರಿಂದ ಎರಡು ಇಂಚು ದೂರದಲ್ಲಿ ಗೋಡೆಯ ಮರದ ಕಂಬ. ಆ ಕಂಬದ ಈ ಕಡೆ ಮಗಳ ದಿಂಬು.

ಮಾಮೂಲಿ ಬ್ರೇಕರ್‌ಗೆ ಗೊತ್ತಿರುವುದು ಎರಡೇ ವಿಷಯ. ಮಿತಿಗಿಂತ ಜಾಸ್ತಿ ಕರೆಂಟ್ ಬಹಳ ಹೊತ್ತು ಹರಿದರೆ ಒಳಗಿನ ಲೋಹದ ಪಟ್ಟಿ ಕಾದು ಬಾಗಿ ಲೈನ್ ಕತ್ತರಿಸುತ್ತದೆ. ಒಮ್ಮೆಲೇ ತುಂಬಾ ಜಾಸ್ತಿ ಹರಿದರೆ ಅಯಸ್ಕಾಂತ ಎಳೆದು ಕತ್ತರಿಸುತ್ತದೆ. ಎರಡರಲ್ಲೂ ಅದು ನೋಡುವುದು ಕರೆಂಟ್ ಎಷ್ಟು ಎಂಬುದನ್ನು ಮಾತ್ರ. ಈಗ ನಮ್ಮ ಪ್ಲಗ್ ಪಾಯಿಂಟ್ ನೆನಪಿಸಿಕೊಳ್ಳಿ. ಕಿಡಿ ಬರುತ್ತಿದ್ದದ್ದು ಹೀಟರ್‌ಗೆ ಹೋಗುವ ದಾರಿಯಲ್ಲೇ. ಆ ಸಂದು ಕರೆಂಟಿಗೆ ಇನ್ನೊಂದು ಅಡ್ಡಿ. ಹಾಗಾಗಿ ಕರೆಂಟ್ ಹೆಚ್ಚುವ ಬದಲು ಒಂದಿಷ್ಟು ಕಡಿಮೆಯೇ ಆಗುತ್ತದೆ. ಬ್ರೇಕರ್ ಕಣ್ಣಿಗೆ ಎಲ್ಲ ಸರಿಯಾಗಿದೆ. ಕಿಡಿಯ ಜಾಗದಲ್ಲಿ ಮಾತ್ರ ಸಾವಿರಾರು ಡಿಗ್ರಿ ಶಾಖ. ಪ್ಲಾಸ್ಟಿಕ್ ಸುಟ್ಟು ಇದ್ದಿಲಾಗುತ್ತದೆ, ಆ ಇದ್ದಿಲೇ ಕರೆಂಟ್ ಹರಿಯುವ ದಾರಿಯಾಗುತ್ತದೆ, ಆಮೇಲೆ ಕಿಡಿ ತಾನಾಗಿಯೇ ಉಳಿದುಕೊಳ್ಳಲು ಕಲಿಯುತ್ತದೆ. ಇದು ಸೀರೀಸ್ ಆರ್ಕ್. ಫೇಸ್‌ನಿಂದ ನ್ಯೂಟ್ರಲ್‌ಗೋ ಅರ್ತ್‌ಗೋ ಹಾರುವ ಕಿಡಿ ಪ್ಯಾರಲಲ್ ಆರ್ಕ್. ಅದರಲ್ಲಿ ಕರೆಂಟ್ ಜಾಸ್ತಿ ಇರುತ್ತದೆ, ಆದರೆ ಬಿಟ್ಟು ಬಿಟ್ಟು ಬರುವುದರಿಂದ ಅದೂ ಎಷ್ಟೋ ಸಲ ಮಾಮೂಲಿ ಬ್ರೇಕರ್‌ನ ಕೈ ತಪ್ಪಿಸಿಕೊಳ್ಳುತ್ತದೆ.

ಎಎಫ್‌ಸಿಐ ಒಳಗೆ ಒಂದು ಚಿಪ್ ಇದೆ. ಅದು ಕರೆಂಟ್ ಎಷ್ಟು ಎಂದು ಮಾತ್ರವಲ್ಲ, ಹೇಗೆ ಹರಿಯುತ್ತಿದೆ ಎಂದೂ ನೋಡುತ್ತದೆ. ಅಮೆರಿಕದ 60 ಹರ್ಟ್ಸ್ ಕರೆಂಟ್ ಸೆಕೆಂಡಿಗೆ 120 ಸಲ ಸೊನ್ನೆ ಮುಟ್ಟುತ್ತದೆ. ಪ್ರತಿ ಸಲ ಕಿಡಿ ಆರುತ್ತದೆ, ವೋಲ್ಟೇಜ್ ಮತ್ತೆ ಏರಿದಾಗ ಹೊತ್ತಿಕೊಳ್ಳುತ್ತದೆ. ಹೀಗೆ ಆರಿ ಹೊತ್ತುವಾಗ ಕರೆಂಟಿನ ಅಲೆಯಲ್ಲಿ ಸೊನ್ನೆಯ ಹತ್ತಿರ ಒಂದು ಸಣ್ಣ ಚಪ್ಪಟೆ ಜಾಗ ಉಳಿಯುತ್ತದೆ, ಜೊತೆಗೆ ರೇಡಿಯೋದ ಗೊರಗೊರ ಸದ್ದಿನಂಥ ಗದ್ದಲ ಸೇರಿಕೊಳ್ಳುತ್ತದೆ. ಚಿಪ್ ಹುಡುಕುವುದು ಈ ಎರಡು ಗುರುತುಗಳನ್ನು. ಪರೀಕ್ಷೆಯ ಮಾನದಂಡ, ಉಪಕರಣಗಳ ಸುರಕ್ಷತೆ ಪರೀಕ್ಷಿಸುವ ಯುಎಲ್ ಸಂಸ್ಥೆಯ ಯುಎಲ್ 1699. ಜಾಸ್ತಿ ಕರೆಂಟಿನ ಪ್ಯಾರಲಲ್ ಕಿಡಿಯಾದರೆ, ಅರ್ಧ ಸೆಕೆಂಡಿನಲ್ಲಿ ಎಂಟು ಅರ್ಧ ಅಲೆಗಳಷ್ಟು ಕಿಡಿ ಕಂಡರೆ ಬ್ರೇಕರ್ ಬೀಳಲೇಬೇಕು ಎನ್ನುತ್ತದೆ ಅದು.

ಕೋಡ್ ವಿಷಯಕ್ಕೆ ಬರುತ್ತೇನೆ. ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಮೊದಲು ಬಂದದ್ದು 1897ರಲ್ಲಿ. ಈಗ ಅದನ್ನು ಹೊರತರುವುದು ಎನ್‌ಎಫ್‌ಪಿಎ ಎಂಬ ಅಗ್ನಿ ಸುರಕ್ಷತಾ ಸಂಸ್ಥೆ, ಮೂರು ವರ್ಷಕ್ಕೊಮ್ಮೆ. ಅದು ತಾನಾಗಿ ಕಾನೂನಲ್ಲ. ರಾಜ್ಯವೋ ಊರೋ ಅದನ್ನು ಒಪ್ಪಿಕೊಂಡಾಗ ಕಾನೂನಾಗುತ್ತದೆ. ಒಪ್ಪುವಾಗ ತಮಗೆ ಬೇಡದ್ದನ್ನು ಕತ್ತರಿಸುವ ಹಕ್ಕೂ ಅವಕ್ಕೆ ಇದೆ. ಇದು ಮುಂದೆ ಬೇಕಾಗುತ್ತದೆ, ನೆನಪಿಡಿ.

1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಮನೆಯ ವೈರಿಂಗ್‌ನಿಂದ ಆಗುವ ಬೆಂಕಿಯನ್ನು ತಡೆಯಲು ಯಾವ ತಂತ್ರ ಇದೆ ನೋಡಿ ಎಂದು ಯುಎಲ್ ಸಂಸ್ಥೆಗೆ ಕೆಲಸ ಕೊಟ್ಟಿತು. ಅಲ್ಲಿಂದ 1999ರ ಕೋಡ್‌ಗೆ ಈ ನಿಯಮ ಬಂತು. ಆದರೆ ಜಾರಿ 2002ರ ಜನವರಿ 1ರಿಂದ, ಅದೂ ಬೆಡ್‌ರೂಮ್‌ನ ಪ್ಲಗ್ ಪಾಯಿಂಟ್‌ಗಳಿಗೆ ಮಾತ್ರ. ಬೆಡ್‌ರೂಮೇ ಯಾಕೆ ಮೊದಲು? ನಿದ್ದೆಯಲ್ಲಿರುವವರಿಗೆ ಸುಟ್ಟ ವಾಸನೆ ತಿಳಿಯುವುದಿಲ್ಲ. ಹೀಟರ್, ಕರೆಂಟ್ ಕಂಬಳಿ, ಓದುವ ದೀಪ, ಮಂಚದ ಕೆಳಗೆ ಸಿಕ್ಕಿಕೊಳ್ಳುವ ವೈರ್ ಎಲ್ಲ ಇರುವುದೂ ಅಲ್ಲೇ. 2002ರ ಆವೃತ್ತಿಯಲ್ಲಿ ಬೆಡ್‌ರೂಮ್‌ನ ದೀಪಗಳ ಲೈನೂ ಸೇರಿತು. 2008ರಲ್ಲಿ ಹಾಲ್, ಊಟದ ಕೋಣೆ, ಪಡಸಾಲೆ, ಬಟ್ಟೆ ಇಡುವ ಕ್ಲಾಸೆಟ್‌ವರೆಗೂ ಹರಡಿತು. 2014ರಲ್ಲಿ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಜಾಗ. 2017ರಲ್ಲಿ ಹೋಟೆಲ್ ಕೋಣೆಗಳು. 2023ರಲ್ಲಿ ಅಗ್ನಿಶಾಮಕ ಠಾಣೆ, ಪೊಲೀಸ್ ಠಾಣೆಗಳಲ್ಲಿ ಸಿಬ್ಬಂದಿ ಮಲಗುವ ಕೋಣೆಗಳು. ನಿಯಮ ಎಲ್ಲೆಲ್ಲಿಗೋ ಬೆಳೆದರೂ ಮಲಗಿದವರನ್ನು ಅದು ಮರೆತಿಲ್ಲ. ನನಗೆ ಇದರಲ್ಲಿ ಇಷ್ಟವಾಗುವುದೇ ಅದು.

ಹಳೇ ಮನೆಯವರು ನಮಗೆ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಈ ನಿಯಮ ಅನ್ವಯಿಸುವ ಜಾಗದಲ್ಲಿ ಹಳೇ ಸರ್ಕ್ಯೂಟನ್ನು ಬದಲಿಸಿದರೂ, ಆರು ಅಡಿಗಿಂತ ಹೆಚ್ಚು ಬೆಳೆಸಿದರೂ ಆರ್ಕ್ ರಕ್ಷಣೆ ಕೊಡಬೇಕು. 2014ರ ಜನವರಿ 1ರಿಂದ ಅಂಥ ಜಾಗದ ಪ್ಲಗ್ ಪಾಯಿಂಟ್ ಬದಲಿಸುವಾಗಲೂ ಕೊಡಬೇಕು. ನಮ್ಮವರು ತುಂಬಾ ಜನ ಮನೆಯ ಕೆಳಗಿನ ಖಾಲಿ ಬೇಸ್‌ಮೆಂಟನ್ನು ವಾಸಕ್ಕೆ ಸಿದ್ಧ ಮಾಡಿಕೊಳ್ಳುತ್ತಾರೆ. ಒಂದು ಟಿವಿ, ಒಂದು ಕೇರಂ ಬೋರ್ಡ್, ಊರಿಂದ ಅಪ್ಪ ಅಮ್ಮ ಬಂದರೆ ಒಂದು ಕೋಣೆ. ಖಾಲಿ ಬೇಸ್‌ಮೆಂಟ್‌ಗೆ ಬೇಡದ ಆರ್ಕ್ ರಕ್ಷಣೆ, ಅದು ವಾಸದ ಜಾಗವಾದ ಕೂಡಲೇ ಬೇಕು. ಪರ್ಮಿಟ್ ತೆಗೆದುಕೊಳ್ಳದೆ, ಪರಿಚಯದವರಿಂದ ಕಡಿಮೆ ದುಡ್ಡಿಗೆ ಮಾಡಿಸಿದರೆ ತಪ್ಪಿಹೋಗುವುದು ಇಂಥದ್ದೇ. ಕೆಳಗೆ ಮಲಗುವವರು ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರು ಅಲ್ವಾ?

ಇಲ್ಲಿ ಹೆಸರಿನದೊಂದು ಗೊಂದಲ ಇದೆ. ಅಂಗಡಿಯಲ್ಲಿ ಕಾಂಬಿನೇಶನ್ ಎಎಫ್‌ಸಿಐ ಎಂದು ಸಿಗುತ್ತದೆ. ಆರ್ಕ್ ರಕ್ಷಣೆ, ಶಾಕ್ ರಕ್ಷಣೆ ಎರಡೂ ಸೇರಿದೆ ಎಂದು ಬಹಳ ಜನ ತಿಳಿಯುತ್ತಾರೆ. ಅಲ್ಲ. ಸೀರೀಸ್, ಪ್ಯಾರಲಲ್ ಎರಡೂ ಥರದ ಕಿಡಿ ಹಿಡಿಯುತ್ತದೆ ಎಂದಷ್ಟೇ ಅದರ ಅರ್ಥ. ಮೊದಲ ಪೀಳಿಗೆಯವು ಹಿಡಿಯುತ್ತಿದ್ದದ್ದು 75 ಆಂಪ್ ಮತ್ತು ಅದಕ್ಕಿಂತ ಮೇಲಿನ ಪ್ಯಾರಲಲ್ ಕಿಡಿಯನ್ನು. 5 ಆಂಪ್‌ನ ಸೀರೀಸ್ ಕಿಡಿಯನ್ನೂ ಹಿಡಿಯುವ ಕಾಂಬಿನೇಶನ್ ಮಾದರಿ ಕಡ್ಡಾಯವಾದದ್ದು 2008ರ ಜನವರಿಯಿಂದ. ಅಂದರೆ ನಿಮ್ಮ ಮನೆ 2002ರಿಂದ 2008ರ ನಡುವೆ ಕಟ್ಟಿದ್ದಾದರೆ, ಬ್ರೇಕರ್ ಮೇಲೆ ಟೆಸ್ಟ್ ಬಟನ್ ಇದ್ದರೂ ನಮ್ಮ ಮನೆಯ ಥರದ ಸಡಿಲ ವೈರ್ ಅದಕ್ಕೆ ಕಾಣದೇ ಹೋಗಬಹುದು. ಲೇಬಲ್ ಓದಿ ನೋಡಿ. ಶಾಕ್‌ನಿಂದ ಕಾಪಾಡುವ ಜಿಎಫ್‌ಸಿಐ ಬೇರೆಯೇ. ಹೋದ ಕರೆಂಟ್ ವಾಪಸ್ ಬರದೆ 5 ಮಿಲಿಆಂಪ್‌ನಷ್ಟು ಸೋರಿದರೂ ಅದು ಬೀಳುತ್ತದೆ. ಎರಡೂ ಸೇರಿದ್ದು ಬೇಕಾದರೆ ಡ್ಯುಯಲ್ ಫಂಕ್ಷನ್ ಎಂದು ಕೇಳಬೇಕು.

ಇನ್ನು ಆಕ್ಷೇಪಣೆಗಳು. ಮನೆ ಕಟ್ಟುವವರ ರಾಷ್ಟ್ರೀಯ ಸಂಘ ಈ ವಿಸ್ತರಣೆಯನ್ನು ವಿರೋಧಿಸುತ್ತಾ ಬಂದಿದೆ. ಕೆಲವು ರಾಜ್ಯಗಳು ಕೋಡ್ ಒಪ್ಪುವಾಗ ಆರ್ಕ್ ನಿಯಮವನ್ನು ಸಡಿಲಿಸಿವೆ. ಅವರು ಹೇಳುವುದು ಎರಡು ಮಾತು: ದುಡ್ಡು ಜಾಸ್ತಿ, ಕಾರಣವಿಲ್ಲದೆ ಬೀಳುತ್ತದೆ. ದುಡ್ಡಿನ ಲೆಕ್ಕ ನೋಡೋಣ. ಮಾಮೂಲಿ ಬ್ರೇಕರ್ ಹತ್ತು ಡಾಲರ್ ಒಳಗೆ ಸಿಗುತ್ತದೆ, ಇದು 40-60 ಡಾಲರ್. ಒಂದು ಮನೆಗೆ ಹತ್ತು ಬೇಕು ಅಂದರೆ ಸುಮಾರು 300-500 ಡಾಲರ್ ಹೆಚ್ಚು. ಇಲ್ಲಿನ ಮನೆ ಬೆಲೆಯ ಎದುರು, ಅಡುಗೆಮನೆ ಕಲ್ಲಿಗೆ ನಾವು ಸುರಿಯುವ ದುಡ್ಡಿನ ಎದುರು, ನನಗೆ ಇದು ದೊಡ್ಡದಾಗಿ ಕಾಣುವುದಿಲ್ಲ. ಇನ್ನೊಂದು ಕಡೆ, ಮನೆಗಳ ವಿದ್ಯುತ್ ಬೆಂಕಿಯ ಬಗ್ಗೆ ಎಲೆಕ್ಟ್ರಿಕಲ್ ಸೇಫ್ಟಿ ಫೌಂಡೇಶನ್ ಕೊಡುವ ಅಂದಾಜು ಹೀಗಿದೆ: ವರ್ಷಕ್ಕೆ ಸುಮಾರು 51,000 ಬೆಂಕಿ, ಹತ್ತಿರ ಹತ್ತಿರ 500 ಸಾವು, 1,400ಕ್ಕಿಂತ ಹೆಚ್ಚು ಗಾಯಾಳುಗಳು.

ಬೀಳುವ ವಿಷಯದಲ್ಲಿ ಮಾತ್ರ ಜನರ ದೂರು ಸುಳ್ಳಲ್ಲ. ವ್ಯಾಕ್ಯೂಮ್, ಡ್ರಿಲ್, ಹಳೇ ಮಿಕ್ಸರ್‌ಗಳ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಇರುತ್ತದೆ. ಅದು ಓಡುವುದೇ ಸಣ್ಣ ಸಣ್ಣ ಕಿಡಿಯ ಜೊತೆ. ದೀಪದ ಬೆಳಕು ತಗ್ಗಿಸುವ ಡಿಮ್ಮರ್‌ಗಳೂ ಅಲೆಯನ್ನು ಕತ್ತರಿಸುತ್ತವೆ. ಒಳ್ಳೆ ಕಿಡಿ ಯಾವುದು, ಕೆಟ್ಟ ಕಿಡಿ ಯಾವುದು ಎಂದು ಚಿಪ್ ಬೇರ್ಪಡಿಸಬೇಕು. ಮೊದಲ ವರ್ಷಗಳಲ್ಲಿ ಅದು ಚೆನ್ನಾಗಿ ಬರುತ್ತಿರಲಿಲ್ಲ, ಈಗ ತುಂಬಾ ಸುಧಾರಿಸಿದೆ, ಆದರೂ ಒಮ್ಮೊಮ್ಮೆ ತಪ್ಪುತ್ತದೆ. ಆದರೆ ತಪ್ಪಿ ಬಿತ್ತು ಎಂದು ನಾವು ತೀರ್ಮಾನ ಮಾಡುವುದು ಯಾವಾಗ? ಏನನ್ನೂ ಬಿಚ್ಚಿ ನೋಡುವ ಮೊದಲೇ. ನನ್ನ ಸಿಟ್ಟು ಇರುವುದು ಇಲ್ಲಿ. ಕೋಡ್‌ನಲ್ಲಿ ನಿಯಮ ಇದೆ, ಇನ್‌ಸ್ಪೆಕ್ಟರ್ ಬಂದು ಸಹಿ ಹಾಕಿದ್ದಾರೆ, ಆಮೇಲೆ ಒಂದು ದಿನ ಬ್ರೇಕರ್ ಬಿದ್ದು ಯಾರೋ ಅದನ್ನು ತೆಗೆದು ಮಾಮೂಲಿದು ಹಾಕಿ ಹೋಗುತ್ತಾರೆ. ಅವತ್ತು ಕಿಡಿ ನಿಂತಿರುವುದಿಲ್ಲ. ಅದನ್ನು ಹೇಳುವವರು ಇಲ್ಲವಾಗಿರುತ್ತಾರೆ, ಅಷ್ಟೇ.

ಹುಡುಕುವುದು ಕಷ್ಟವೂ ಅಲ್ಲ. ಆ ಲೈನಿನ ಎಲ್ಲ ಪ್ಲಗ್ ಕಿತ್ತು ಬ್ರೇಕರ್ ಹಾಕಿ. ಏನೂ ಇಲ್ಲದಿದ್ದರೂ ಬಿದ್ದರೆ ಗೋಡೆಯೊಳಗೇ ತೊಂದರೆ ಇರಬಹುದು, ಆಟ ಆಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ನಿಂತರೆ ಒಂದೊಂದೇ ಸಿಕ್ಕಿಸುತ್ತಾ ಹೋಗಿ. ಒಂದೇ ಯಂತ್ರಕ್ಕೆ, ಯಾವ ಕೋಣೆಯಲ್ಲಿ ಹಾಕಿದರೂ ಬೀಳುತ್ತಿದ್ದರೆ ಅನುಮಾನ ಆ ಯಂತ್ರದ ಮೇಲೆ. ಯಾವುದೇ ಯಂತ್ರ ಹಾಕಿದರೂ ಒಂದೇ ಲೈನ್ ಬೀಳುತ್ತಿದ್ದರೆ ಅನುಮಾನ ಲೈನಿನ ಮೇಲೆ. ನಮ್ಮ ಮನೆಯಲ್ಲಿ ಆದದ್ದು ಎರಡನೆಯದು. ಈಚಿನ ಕೆಲವು ಬ್ರೇಕರ್‌ಗಳು ಯಾಕೆ ಬಿದ್ದೆ ಎಂದು ಸಣ್ಣ ದೀಪ ಮಿನುಗಿಸಿ ತಿಳಿಸುತ್ತವೆ. ಆ ಮಿನುಗನ್ನು ಎಣಿಸಿ ಬರೆದಿಟ್ಟುಕೊಂಡರೆ ಬಂದವರಿಗೆ ಅರ್ಧ ಕೆಲಸ ಉಳಿಯುತ್ತದೆ.

ಇದಕ್ಕೂ ಮಿತಿ ಇದೆ, ಮುಚ್ಚಿಡಬಾರದು. ಕೆಲವು ಸಡಿಲ ಜಾಯಿಂಟ್‌ಗಳು ಕಿಡಿ ಹಾರಿಸದೆ ಸುಮ್ಮನೆ ಕೆಂಪಗೆ ಕಾಯುತ್ತವೆ. ಅಲ್ಲಿ ಅಲೆ ಕೆಡುವುದಿಲ್ಲ, ಹಾಗಾಗಿ ಚಿಪ್‌ಗೆ ಗೊತ್ತಾಗುವುದಿಲ್ಲ. ಅದು ಮುಂದೆ ಕಿಡಿಯಾದಾಗಲೇ ಗೊತ್ತಾಗುವುದು. ಈ ಬ್ರೇಕರ್ ಇದೆ ಎಂದು ಸ್ಕ್ರೂ ಬಿಗಿಯುವುದನ್ನು ಬಿಡಲು ಆಗುವುದಿಲ್ಲ.

ಯೂರೋಪಿನಲ್ಲಿ ಇದೇ ಸಾಧನಕ್ಕೆ ಎಎಫ್‌ಡಿಡಿ ಅಂತ ಹೆಸರು, ಅಂತರರಾಷ್ಟ್ರೀಯ ಮಾನದಂಡ ಐಇಸಿ 62606, ಬಂದದ್ದು 2013ರಲ್ಲಿ. ಆದರೆ ಅಲ್ಲಿನ ದೇಶಗಳು ಅಮೆರಿಕದಷ್ಟು ಮುಂದೆ ಹೋಗಿಲ್ಲ. ಜರ್ಮನಿ 2016ರಲ್ಲಿ ಕೆಲವು ಜಾಗಗಳಿಗೆ ಕಡ್ಡಾಯ ಮಾಡಿ, 2019ರಲ್ಲಿ ಅಪಾಯ ಅಳೆದು ತೀರ್ಮಾನಿಸಿ ಎಂದು ಸಡಿಲಿಸಿತು. ಬ್ರಿಟನ್ 2022ರ ತಿದ್ದುಪಡಿಯಲ್ಲಿ ಎತ್ತರದ ವಸತಿ ಕಟ್ಟಡ, ಹಲವು ಕುಟುಂಬಗಳು ಹಂಚಿಕೊಂಡಿರುವ ಬಾಡಿಗೆ ಮನೆ, ವಿದ್ಯಾರ್ಥಿ ನಿಲಯ, ವೃದ್ಧಾಶ್ರಮಗಳ ಪ್ಲಗ್ ಲೈನ್‌ಗಳಿಗೆ ಕಡ್ಡಾಯ ಮಾಡಿತು, ಉಳಿದ ಮನೆಗಳಿಗೆ ಶಿಫಾರಸು ಮಾತ್ರ. ಬೇಗ ಓಡಿ ಹೊರಗೆ ಬರಲು ಆಗದವರು ಎಲ್ಲಿದ್ದಾರೋ ಅಲ್ಲಿಂದ ಶುರು ಮಾಡಿದ್ದಾರೆ. ನನಗೆ ಇದು ಸರಿಯಾದ ದಾರಿ ಅನ್ನಿಸುತ್ತದೆ.

ಹಾಗಾದರೆ ಬೆಂಗಳೂರು, ಮೈಸೂರಿನ ಮನೆಗಳಿಗೆ? ಅಮೆರಿಕದ್ದನ್ನು ಹಾಗೇ ಎತ್ತಿ ತರುವುದು ಬೇಡ. ಅಲ್ಲಿ ಗೋಡೆಯೇ ಮರ, ಅದರ ಮೇಲೆ ಜಿಪ್ಸಮ್ ಹಲಗೆ, ಒಳಗೆ ಕೊಳವೆ ಇಲ್ಲದೆ ಓಡುವ ಕೇಬಲ್. ಫೋಟೋ ಹಾಕಲು ಹೊಡೆದ ಮೊಳೆ ಕೇಬಲ್‌ಗೇ ತಾಗಬಹುದು. ನಮ್ಮಲ್ಲಿ ಇಟ್ಟಿಗೆ ಗೋಡೆ, ಪಿವಿಸಿ ಪೈಪ್. ಗೋಡೆಯೊಳಗಿನ ಕಿಡಿ ಅಷ್ಟು ಸುಲಭವಾಗಿ ಮನೆಗೆ ಹರಡುವುದಿಲ್ಲ. ವೋಲ್ಟೇಜ್ 230 ಇರುವುದರಿಂದ ಅದೇ 1500 ವಾಟ್‌ನ ಹೀಟರ್ ಅಲ್ಲಿಯ ಅರ್ಧದಷ್ಟು ಕರೆಂಟ್ ಎಳೆಯುತ್ತದೆ, ಸಡಿಲ ಜಾಯಿಂಟ್ ಕಾಯುವುದೂ ಕಡಿಮೆ. ಆದರೆ ವೋಲ್ಟೇಜ್ ಜಾಸ್ತಿ ಇದ್ದಷ್ಟೂ ಹೊತ್ತಿದ ಕಿಡಿ ಉಳಿಯುವುದು ಸುಲಭ. ಅದಕ್ಕೇ ಐಇಸಿ ಮಾನದಂಡ 230 ವೋಲ್ಟ್‌ನಲ್ಲಿ ಬರೀ 2.5 ಆಂಪ್‌ನ ಕಿಡಿಯನ್ನೂ ಒಂದು ಸೆಕೆಂಡಿನೊಳಗೆ ಕತ್ತರಿಸಬೇಕು ಎನ್ನುತ್ತದೆ.

ನಮ್ಮಲ್ಲಿ ಅಪಾಯ ಇರುವುದು ಕಣ್ಣಿಗೆ ಕಾಣುವ ಜಾಗದಲ್ಲೇ. ಸ್ವಿಚ್ ಬೋರ್ಡ್ ಒಳಗೆ ಒಂದೇ ಸ್ಕ್ರೂಗೆ ತುರುಕಿದ ಮೂರು ವೈರ್. 6 ಆಂಪ್ ಪಾಯಿಂಟ್‌ಗೆ ಅಡಾಪ್ಟರ್ ಹಾಕಿ ಓಡಿಸುವ ಇಸ್ತ್ರಿ ಪೆಟ್ಟಿಗೆ. ಪರದೆಯ ಹಿಂದೆ ನೇತಾಡುವ ಎಕ್ಸ್‌ಟೆನ್ಷನ್ ಬೋರ್ಡ್. ನಮ್ಮ ಡಿಬಿಯಲ್ಲಿ (ಬ್ರೇಕರ್‌ಗಳಿರುವ ಪೆಟ್ಟಿಗೆಯಲ್ಲಿ) ಆರ್‌ಸಿಸಿಬಿ ಇದೆಯಲ್ಲ ಎನ್ನುತ್ತಾರೆ. ಇರಲೇಬೇಕು, ಶಾಕ್‌ನಿಂದ ಜೀವ ಉಳಿಸುವುದು ಅದೇ. ಆದರೆ ಅದು ನೋಡುವುದು ಹೋದ ಕರೆಂಟ್ ಅಷ್ಟೇ ವಾಪಸ್ ಬಂತೇ ಎಂದು. ಸಡಿಲ ಜಾಯಿಂಟಿನ ಕಿಡಿಯಲ್ಲಿ ಹೋದದ್ದೆಲ್ಲ ವಾಪಸ್ ಬರುತ್ತದೆ.

ಮಗಳ ಕೋಣೆಯ ಕಥೆಯನ್ನು ಫೋನಿನಲ್ಲಿ ಹೇಳುವಾಗ ಮೈಸೂರಿನಲ್ಲಿರುವ ಅಪ್ಪನಿಗೆ, ಗೀಸರ್ ಆಫ್ ಮಾಡಿ ಪ್ಲಗ್ ಒಂದ್ಸಲ ಮುಟ್ಟಿ ನೋಡಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಬಿಸಿ ಇದೆ ಕಣೋ, ಯಾವಾಗ್ಲೂ ಹಾಗೇ ಇರತ್ತೆ ಅಂದರು. ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದು 16 ಆಂಪ್ ಪ್ಲಗ್ ಟಾಪ್ ಬಿಚ್ಚಿದಾಗ ಒಳಗಿನ ಒಂದು ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತಂತೆ. ಪಿನ್ ಕಪ್ಪಾಗಿತ್ತು. ಪ್ಲಗ್ ಟಾಪ್, ಸಾಕೆಟ್ ಎರಡನ್ನೂ ಬದಲಿಸಿದರು. ಮೇಲಿನ ಮಹಡಿಗೆ ಹೊಸ ವೈರಿಂಗ್ ಮಾಡಿಸುವುದು ಈ ಬೇಸಿಗೆಗೆ ಬಾಕಿ ಇದೆ. ಎರಡು ಮಲಗುವ ಕೋಣೆಗಳ ಲೈನ್‌ಗೆ ಎಎಫ್‌ಡಿಡಿ ಹಾಕಿಸಲು ಅಪ್ಪ ಒಪ್ಪಿದ್ದಾರೆ. ಕೆಲವು ಮಾದರಿಗೆ ಮಾಮೂಲಿ ಎಂಸಿಬಿಗಿಂತ ಹೆಚ್ಚು ಜಾಗ ಬೇಕು, ಅದಕ್ಕೆ ಒಂದು ಸೈಜ್ ದೊಡ್ಡ ಡಿಬಿ ತರಲು ಹೇಳಿದ್ದೇನೆ.